ಕಂಬಳಿ ಆಯಿ ಬಿಡಿಸಿದ ಗಂಟು

ಆಕೆಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಸದಾ ಮಿರುಗುತ್ತಿದ್ದವು. ಈಗಷ್ಟೇ ಎಣ್ಣೆ ಮುಟ್ಟಿ ಬಂದ ಹಾಗೆ ಕಾಣುತ್ತಿತ್ತು, ಆದರೆ ಅದು ಎಣ್ಣೆಯಲ್ಲ. ಬುದ್ಧಿ ಬಂದಾಗಿನಿಂದ ಕುರಿಯ ಉಣ್ಣೆ ಹಿಂಜಿ ಹಿಂಜಿ ಅದರ ಜಿಡ್ಡು ಚರ್ಮದೊಳಗೇ ಇಳಿದುಬಿಟ್ಟಿತ್ತು. ಆ ಎರಡು ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ಆಕೆಯ ಹೆಬ್ಬೆರಳನ್ನು ಒಲ್ಲೆ ಎನ್ನುತ್ತಿತ್ತು. "ಮಷೀನಿಗಿ ನನ್ನ ಗುರ್ತಿಲ್ಲ ನೋಡು, ಕುರಿಗೋಳಿಗಿ ಅದ" ಎಂದು ನಗುತ್ತ ಆಕೆ ಇನ್ನೊಂದು ಕೈ ಮುಂದೆ ಮಾಡುತ್ತಿದ್ದಳು.

ಬಸವಕಲ್ಯಾಣದ ಕೋಟೆ ಕಡೆಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಆಕೆ ಕಂಬಳಿ ಆಯಿ. ಗಂಡ ಕಂಬಳಿ ನೇಯುತ್ತಿದ್ದ, ಈಕೆ ಉಣ್ಣೆ ಹಿಂಜಿ ನೂಲು ತೆಗೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ ಹೈವೇ ಪಕ್ಕ ಪಂಕ್ಚರ್ ಅಂಗಡಿ ಹಾಕಿದ. ಆಯಿಯ ಕೈ ಮಾತ್ರ ನಿಲ್ಲಲಿಲ್ಲ. ಉಣ್ಣೆ ಕತ್ತರಿಸುವ ಕಾಲಕ್ಕೆ ರಾಜೇಶ್ವರದ ಕಡೆ ಕುರಿ ಹಟ್ಟಿಗಳಿಗೆ ಹೋಗಿ ಒಂದು ಚೀಲ ತುಂಬಿಕೊಂಡು ಬರುತ್ತಿದ್ದಳು. ಬೆಳಗಾದರೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತ ಇಡೀ ಓಣಿಯ ಮೇಲೆ ಕಣ್ಣಿಡುವುದು ಆಕೆಯ ಕೆಲಸ. ಯಾರ ಮನೆಯಲ್ಲಿ ಸಾರು ಸೀದಿದೆ ಎಂಬುದು ಆ ಮನೆಯವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು.

ನನ್ನ ಮಗಳ ತಲೆಯ ವಿಷಯವೂ ಹಾಗೆಯೇ ಗೊತ್ತಾಗಿದ್ದು. ಮಗಳಿಗೆ ನನ್ನ ಅಪ್ಪನ ಕೂದಲು ಬಂದಿದೆ: ದಟ್ಟ, ಸುರುಳಿ ಸುರುಳಿ, ತೊಳೆದ ದಿನ ತಲೆ ಎರಡರಷ್ಟು ದೊಡ್ಡದಾಗಿ ಕಾಣುವಂಥದ್ದು. ಘಾಟಬೋರಾಳದ ನನ್ನ ಅತ್ತೆಯ ಮನೆಯಲ್ಲಿ ಎಲ್ಲರದ್ದೂ ನೆಟ್ಟಗಿನ ಕೂದಲು. ಜವಳ ತೆಗೆಸಿದ ಮೇಲೆ ಸರಿಹೋದೀತು ಎಂದು ಅವರು ಕಾದರು. ಅದು ಇನ್ನಷ್ಟು ಸುರುಳಿಯಾಗಿ ಬಂತು. ಮತ್ತೆರಡು ಸಲ ಬೋಳಿಸಿ ಎಂದು ಕಂಡಕಂಡವರೆಲ್ಲ ಪುಕ್ಕಟೆ ಸಲಹೆ ಕೊಟ್ಟರು. ನಾನೋ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಬಾಟಲಿಗಳನ್ನು ತರಿಸಿ ಬಚ್ಚಲಮನೆಯಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಅವನ್ನು ಹಚ್ಚಲು ಪುರುಸೊತ್ತು ಎಲ್ಲಿತ್ತು? ಹುಮನಾಬಾದಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಬಸ್ಸಿಗೆ ಹತ್ತು ನಿಮಿಷ ಇರುವಾಗ ಒಣಗಿದ ತಲೆಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಬುಡದಿಂದ ಕೆಳಕ್ಕೆ ಎಳೆಯುವುದೇ ನನ್ನ ಪದ್ಧತಿಯಾಗಿತ್ತು. ಮಗಳ ಕಿರುಚಾಟ ಓಣಿಯ ಆ ತುದಿಗೆ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಆಯಿ ಕಟ್ಟೆಯಿಂದ ಎದ್ದು ಸೀದಾ ಒಳಗೆ ಬಂದಳು. ನನ್ನ ಕೈಯಿಂದ ಬಾಚಣಿಗೆ ಕಸಿದು ಹೊರಳಿಸಿ ನೋಡಿದಳು. "ಇದು ಹೇನು ತೆಗಿಯಾದವ್ವ. ಇದರ್ಲೆ ಹಿಕ್ಕಿದ್ರ ಕೂಸಲ್ಲ, ಕುರೀನೂ ಹಗ್ಗ ಹರಕೊಂಡು ಓಡ್ತದ" ಎಂದಳು. ದಿನಾ ನಲವತ್ತು ಮಕ್ಕಳಿಗೆ ಹೇಳಿಕೊಡುವವಳಿಗೆ ಇನ್ನೊಬ್ಬರು ಹೇಳಿಕೊಡಲು ಬಂದರೆ ಮೈ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಸಂಜೆ ಬಂದು ಕಲಿಯುತ್ತೇನೆ ಎಂದು ಬಾಯಿಮಾತಿಗೆ ಹೇಳಿ ಬಾಚಣಿಗೆ ವಾಪಸು ಇಸಿದುಕೊಂಡೆ. ಆ ಸಂಜೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.

ಮಗಳಿಗೆ ಐದು ತುಂಬಿದ ವರ್ಷ ವಿಷಮಜ್ವರ ಬಂತು. ಎರಡು ವಾರ ಮಗು ಹಾಸಿಗೆ ಬಿಟ್ಟು ಏಳಲಿಲ್ಲ. ಅತ್ತೆ ಊರಿನಿಂದ ಬಂದು ಅದರ ಪಕ್ಕದಲ್ಲೇ ಕೂತರು. ಕೊರಳಿಗೆ ಮಂತ್ರಿಸಿದ ಕೆಂಪು ದಾರ ಕಟ್ಟಿದರು, ದೇವಿಗೆ ಹರಕೆ ಹೊತ್ತರು, ಮೊಮ್ಮಗಳು ಗಂಜಿ ಕುಡಿಯುವ ತನಕ ತಾವು ಊಟ ಮುಟ್ಟಲಿಲ್ಲ. ಅವರ ಪ್ರೀತಿಯ ಮೇಲೆ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ನಿತ್ರಾಣದ ಮಗುವಿನ ತಲೆಗೆ ಬಾಚಣಿಗೆ ಯಾಕೆ ಎಂದು ನಾನು ಅಷ್ಟೂ ದಿನ ಕೂದಲು ಮುಟ್ಟಲಿಲ್ಲ. ಬೆವರು, ದಿಂಬು, ಹೊರಳಾಟ ಸೇರಿ ಹಿಂದಲೆಯಲ್ಲಿ ಅಂಗೈ ಅಗಲದ ಗಂಟು ಕಟ್ಟಿತು. ಒತ್ತಿದರೆ ಬೆರಳು ಇಳಿಯದಷ್ಟು ಗಟ್ಟಿಯಾದ ಗಂಟು.

ಜ್ವರ ಬಿಟ್ಟ ಮೇಲೆ ನಾನು ಮತ್ತೆ ಶಾಲೆಗೆ ಹೋದ ಮೊದಲ ದಿನ. ಸಂಜೆ ಮನೆಗೆ ಬಂದರೆ ಆ ಗಂಟಿಗೆ ಅರಿಶಿನ ಕುಂಕುಮ ಹಚ್ಚಿತ್ತು, ಮಗಳು ಮಣೆಯ ಮೇಲೆ ಕೂತಿದ್ದಳು, ಅತ್ತೆ ಕೈ ಮುಗಿದು ನಿಂತಿದ್ದರು. "ಜಡಿ ಬಂದಾವ" ಎಂದರು. ನಮ್ಮ ಕಡೆ ಕೂದಲು ತಾನಾಗಿ ಜಟೆಗಟ್ಟಿದರೆ, ದೇವಿ ಆ ಹೆಣ್ಣನ್ನು ತನ್ನವಳೆಂದು ಗುರುತು ಹಾಕಿದ್ದಾಳೆ ಎಂದು ನಂಬುವವರು ಇನ್ನೂ ಇದ್ದಾರೆ. ಅದನ್ನು ಬಾಚಬಾರದು, ಕತ್ತರಿ ತಾಗಿಸಬಾರದು. ಆ ನೆವ ಮಾಡಿಯೇ ಹಿಂದೆ ಎಷ್ಟು ಹುಡುಗಿಯರನ್ನು ದೇವರಿಗೆ ಬಿಟ್ಟರು, ಅವರ ಬಾಳು ಏನಾಯಿತು ಎಂಬುದು ಈ ಭಾಗದಲ್ಲಿ ಹುಟ್ಟಿದ ಯಾರಿಗೂ ಗೊತ್ತಿಲ್ಲದ್ದಲ್ಲ. ಅತ್ತೆಯ ಮನಸ್ಸಿನಲ್ಲಿ ಅಷ್ಟು ದೂರದ್ದೇನೂ ಇರಲಿಲ್ಲ. ಹರಕೆ ಹೊತ್ತಿದ್ದರು, ಜ್ವರ ಇಳಿಯಿತು, ಜಡೆ ಬಂತು. ಅವರ ಪಾಲಿಗೆ ಒಂದಕ್ಕೊಂದು ಕೂಡಿಬಂದಿತ್ತು. ಬರುವ ಹುಣ್ಣಿಮೆಗೆ ಗುಡಿಗೆ ಕರೆದೊಯ್ದು, ಜಡೆಯನ್ನು ಹಾಗೆಯೇ ಕಾಯುತ್ತೇವೆ ಎಂದು ಮಾತು ಕೊಟ್ಟು ಬರುವುದು ಎಂದು ನಿಶ್ಚಯಿಸಿಬಿಟ್ಟಿದ್ದರು.

ಮರುದಿನ ಪಕ್ಕದ ಓಣಿಯ ಹೆಂಗಸೊಬ್ಬಳು ಬಂದು ನನ್ನ ಮಗಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಐದು ವರ್ಷದ ಕೂಸು ಹೆದರಿ ಕಾಲು ಎಳೆದುಕೊಂಡಿತು. ಅಂದಿನಿಂದ ಅದು ಆಡಲು ಹೊರಗೆ ಹೋಗಲಿಲ್ಲ. ಕತ್ತರಿ ತಾಗಿದರೆ ಜಡೆಯಿಂದ ರಕ್ತ ಬರುತ್ತದಂತೆ, ಖರೆ ಏನು ಎಂದು ನನ್ನನ್ನು ಕೇಳಿತು. ಇಲ್ಲ ಎಂದೆ. ಅದು ನಂಬಲಿಲ್ಲ. ನನ್ನ ಗಂಡ ತಾಯಿಯ ಎದುರು ತುಟಿ ಬಿಚ್ಚುವವರಲ್ಲ; ಯಾರೂ ಇಲ್ಲದಾಗ ನನ್ನ ಕಿವಿಯಲ್ಲಿ, ಮಲಗಿದಾಗ ಕತ್ತರಿಸಿಬಿಡು ಎಂದು ಪಿಸುಗುಟ್ಟಿದರು. ಶಾಲೆಯಲ್ಲಿ ಮೂಢನಂಬಿಕೆಯ ಬಗ್ಗೆ ಬೋರ್ಡು ತುಂಬ ಬರೆಯುವ ನಾನು ನನ್ನ ಮನೆಯ ಪಡಸಾಲೆಯಲ್ಲಿ ಬಾಯಿ ಸತ್ತು ನಿಂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಕೊನೆಗೆ ಕತ್ತರಿಯನ್ನು ಸೆರಗಿನೊಳಗೆ ಹಿಡಿದುಕೊಂಡು ಆಯಿಯ ಕಟ್ಟೆಗೆ ಹೋದೆ. ಕತ್ತರಿಸುವಾಗ ಮಗುವನ್ನು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೇ. ಆಯಿ ನನ್ನ ಸೆರಗು ನೋಡಿದಳು, ಮುಖ ನೋಡಿದಳು.

"ಕತ್ತರಿಸಿದ್ರ ಗಂಟು ಹೋಗ್ತದ, ಅಂಜಿಕಿ ಒಳಗೇ ಉಳೀತದ" ಎಂದಳು. "ಬಿಡಿಸಿದ್ರ, ಇದು ಬರೇ ಕೂದಲ ಅಂತ ಪೋರಿಗಿ ತಿಳೀತದ. ನಿಮ್ಮತ್ತಿಗೂ ತಿಳೀತದ. ಕತ್ತರಿ ಒಳಗಿಡು."

ಕೈಯಲ್ಲಿದ್ದ ಉಣ್ಣೆಯನ್ನು ಮಡಿಲಿಗೆ ಹಾಕಿಕೊಂಡು ಆಕೆ ನನ್ನ ಜೊತೆಗೇ ಬಂದಳು. ಅತ್ತೆಯ ಎದುರು ಜಡೆಯ ಮಾತನ್ನೇ ತೆಗೆಯಲಿಲ್ಲ. ಘಾಟಬೋರಾಳದ ತೊಗರಿ ಹೇಗಿದೆ, ಆಕಳು ಈದಿತೇ ಎಂದು ಕೇಳುತ್ತ, ಹಿಂಜಿದ ಉಣ್ಣೆಯ ಒಂದು ಹಿಡಿಯನ್ನು ಬಿಸಿನೀರಿನಲ್ಲಿ ಅದ್ದಿ, ಸೋಪು ತಾಗಿಸಿ, ಸ್ವಲ್ಪ ತಿಕ್ಕುತ್ತಿರಿ ಎಂದು ಅತ್ತೆಯ ಕೈಗೆ ಕೊಟ್ಟಳು. ಮಾತಿನ ಭರದಲ್ಲಿ ಅತ್ತೆ ತಿಕ್ಕಿದ್ದೇ ತಿಕ್ಕಿದ್ದು. ಚಹಾ ಮುಗಿಯುವಷ್ಟರಲ್ಲಿ ಮೋಡದಂತಿದ್ದ ಉಣ್ಣೆ ಗಟ್ಟಿ ಉಂಡೆಯಾಗಿ ಅವರ ಅಂಗೈಯಲ್ಲಿ ಕೂತಿತ್ತು.

"ಅಕ್ಕಾ, ನಿಮ್ಮ ಕೈಲೇ ಆಗ್ಯಾದ" ಎಂದಳು ಆಯಿ. "ಇದಕ್ಕೂ ಕುಂಕುಮ ಹಚ್ಚತೀರೇನ್ರಿ?"

ಅತ್ತೆಗೆ ಸಿಟ್ಟು ಬಂತು. ಕುರಿಯದು ಬೇರೆ, ಕೂಸಿನದು ಬೇರೆ ಎಂದರು. ಆಯಿ ಒಪ್ಪಿಕೊಂಡಳು. ಹಾಗಾದರೆ ದೇವಿಯನ್ನೇ ಕೇಳೋಣ ಎಂದಳು. ಹುಣ್ಣಿಮೆಗೆ ಒಂಬತ್ತು ದಿನವಿತ್ತು. ಅಷ್ಟರೊಳಗೆ ಒಂದು ಎಳೆಯನ್ನೂ ಕತ್ತರಿಸದೆ ಬರಿಗೈಯಲ್ಲಿ ಬಿಡಿಸುತ್ತೇನೆ. ದೇವಿಗೆ ಆ ಜಡೆ ಬೇಕಿದ್ದರೆ ಆಕೆ ಬಿಡಿಸಗೊಡುವುದಿಲ್ಲ, ಬಿಡಿಸಲಾಗದಿದ್ದರೆ ಅತ್ತೆಯ ಮಾತೇ ಖರೆ ಎಂದು ಪಂಥ ಕಟ್ಟಿದಳು. ಅತ್ತೆ ಹ್ಞೂಂ ಎಂದರು. ಮಗಳ ಬಾಳನ್ನು ಒಂದು ಗಂಟಿನ ಮೇಲೆ ಒತ್ತೆ ಇಟ್ಟಳಲ್ಲ ಈ ಮುದುಕಿ ಎಂದು ಒಳಗೊಳಗೆ ಬೈದುಕೊಂಡೆ.

ಆಯಿ ಮಾತ್ರ ನಿಶ್ಚಿಂತಳು. ಒಂದು ಮುಷ್ಟಿ ಅಗಸಿ ಬೀಜ ಕುದಿಸಿ ಅರಿವೆಯಲ್ಲಿ ಹಿಂಡಿ ಲೋಳೆ ತೆಗೆದಳು. ಅದಕ್ಕೆ ಕುಸುಬಿ ಎಣ್ಣೆ ಬೆರೆಸಿ ಗಂಟಿಗೆ ತುಂಬಿದಳು. ಒಂದು ತಾಸು ನೆನೆಯಬೇಕು, ಆಮೇಲೆ ಬೆರಳು. ಬಾಚಣಿಗೆಯನ್ನು ಹತ್ತಿರವೂ ಬಿಡಲಿಲ್ಲ. ಗಂಟಿನ ಮೇಲ್ಭಾಗವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯುತ್ತಿದ್ದಳು, ಎಳೆತ ಬುಡಕ್ಕೆ ಮುಟ್ಟಬಾರದು. ಬಲಗೈಯ ಆ ಎರಡು ನುಣುಪು ಬೆರಳು ತುದಿಯಿಂದ ಶುರು ಮಾಡಿ ಒಂದೊಂದೇ ಎಳೆಯನ್ನು ಹೊರಗೆ ಕರೆಯುತ್ತಿದ್ದವು. "ಉಣ್ಣಿ ಇರ್ಲಿ, ಕೂದಲ ಇರ್ಲಿ, ಬುಡದಾಗಿಂದ ಎಳದವ ಮೂರ್ಖ" ಎನ್ನುತ್ತ ನನ್ನ ಕಡೆ ನೋಡುತ್ತಿದ್ದಳು. ದಿನಕ್ಕೆ ಒಂದು ತಾಸು, ಮಗುವಿಗೆ ಬೇಸರವಾಗುವ ತನಕ, ಅಷ್ಟೇ. ಮೊದಲ ದಿನ ಭಯದಿಂದ ಕಣ್ಣು ಮುಚ್ಚಿ ಕೂತಿದ್ದ ಮಗಳು ಮೂರನೆಯ ದಿನ ಆಕೆಯ ತೊಡೆಯ ಮೇಲೆ ನಿದ್ದೆ ಹೋದಳು. ಬಾಚುವಾಗ ಆ ಮಗು ನಿದ್ದೆ ಹೋಗಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಎಂಟನೆಯ ದಿನ ನಡುವಿನ ಅಡಿಕೆ ಗಾತ್ರದ ಗಂಟೊಂದು ಉಳಿಯಿತು. ಅದು ಜಪ್ಪಯ್ಯ ಎಂದರೂ ಬಿಡಲಿಲ್ಲ. ಅತ್ತೆ ಹತ್ತಿರ ಬಂದು ನೋಡಿ, ಒಳಗೆ ಹೋಗಿ ಗುಡಿಗೆ ಒಯ್ಯುವ ಬುಟ್ಟಿ ಜೋಡಿಸತೊಡಗಿದರು. ನಾನು ಶಾಲೆಗೆ ರಜೆ ಹಾಕಿ ಆಯಿಯ ಪಕ್ಕ ಕೂತೆ. ಒಂಬತ್ತನೆಯ ದಿನ ಮಧ್ಯಾಹ್ನ, ಅತ್ತೆ ನೀರು ಹಿಡಿಯಲು ಹೊರಗೆ ಹೋಗಿದ್ದಾಗ, ಆಯಿಯ ಬೆರಳು ನಿಂತಿತು. ಮೆಲ್ಲಗೆ ಏನನ್ನೋ ಹೊರಕ್ಕೆ ಎಳೆದಳು. ಒಂದು ಗೇಣು ಕೆಂಪು ದಾರ. ಜ್ವರದಲ್ಲಿ ಅತ್ತೆಯೇ ಕೊರಳಿಗೆ ಕಟ್ಟಿದ್ದು. ಹರಿದು ಮೇಲೆ ಸರಿದು ಕೂದಲಿಗೆ ಸುತ್ತಿಕೊಂಡು, ಅದರ ಸುತ್ತಲೇ ಗಂಟು ಬೆಳೆದಿತ್ತು. ದಾರ ಹೊರಬಿದ್ದದ್ದೇ ತಡ ಉಳಿದ ಎಳೆಗಳು ತಾವಾಗಿ ಬಿಟ್ಟುಕೊಂಡವು.

ನನಗೆ ಅದನ್ನು ಅತ್ತೆಯ ಮುಖಕ್ಕೆ ಹಿಡಿಯಬೇಕೆನಿಸಿತು. ಒಂಬತ್ತು ದಿನದ ಹೆದರಿಕೆಗೆ ಅಷ್ಟಾದರೂ ಬೇಡವೇ? ಆಯಿ ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಬ್ಯಾಡ ತಂಗಿ. ಕೂಸಿನ ಜೀವಕ್ಕಂತ ಕಟ್ಟಿದ ದಾರ ಅದ ಇದು. ಇದರ್ಲೇ ಆಕಿಗಿ ಹೊಡಿಯಾದು ಬ್ಯಾಡ" ಎಂದು ಅದನ್ನು ತನ್ನ ಉಣ್ಣೆಯ ಚೀಲದೊಳಗೆ ತುರುಕಿದಳು. ಇವತ್ತಿನ ತನಕ ಅತ್ತೆಗೆ ಅದು ಗೊತ್ತಿಲ್ಲ.

ಅತ್ತೆ ಕೊಡ ಹೊತ್ತು ಬಂದಾಗ ಮಗಳು ತಲೆ ಕೊಡವುತ್ತ ಅಂಗಳದಲ್ಲಿ ಸುತ್ತು ತಿರುಗುತ್ತಿದ್ದಳು. ಸುರುಳಿಗಳು ಹಾರುತ್ತಿದ್ದವು. ಅತ್ತೆ ಕೊಡ ಇಳಿಸಿ, ಮೊಮ್ಮಗಳನ್ನು ಹಿಡಿದು ನಿಲ್ಲಿಸಿ, ಹಿಂದಲೆಯಲ್ಲಿ ಬೆರಳಾಡಿಸಿ ನೋಡಿದರು. ಹುಣ್ಣಿಮೆಗೆ ಜ್ವರದ ಹರಕೆಯನ್ನಷ್ಟೇ ತೀರಿಸಲು ಗುಡಿಗೆ ಹೋದೆವು, ನಾನೂ ಹೋದೆ. ಬಾಚಿ ಹೂ ಮುಡಿಸಿದ ತಲೆಯ ಹುಡುಗಿ ಕಾಯಿ ಒಡೆಸಿಕೊಂಡು ಬಂದಳು. ಜೂನ್ ತಿಂಗಳಲ್ಲಿ ಶಾಲೆಗೆ ಸೇರಿದಳು.

ಆಮೇಲೆ ನಾನು ನಿಜವಾಗಿ ಕಲಿತೆ. ಪ್ರತಿ ಭಾನುವಾರ ಮಗಳನ್ನು ಕಟ್ಟೆಗೆ ಕರೆದೊಯ್ಯುತ್ತಿದ್ದೆ. ಒಣ ತಲೆ ಬಾಚಬೇಡ, ಬಿಗಿಯಾಗಿ ಕಟ್ಟಬೇಡ, ಮಲಗುವಾಗ ಹಳೆಯ ಮೆತ್ತನೆ ಸೀರೆಯ ತುಂಡು ಸುತ್ತು, ಅಗಲ ಹಲ್ಲಿನ ಕಟ್ಟಿಗೆಯ ಬಾಚಣಿಗೆ ತಗೋ. ನಾನು ತಪ್ಪಿದರೆ ಮೊಣಕೈಗೆ ಒಂದು ಪೆಟ್ಟು ಬೀಳುತ್ತಿತ್ತು. ಟೀಚರಮ್ಮನಿಗೆ ಪೆಟ್ಟು ಬೀಳುವುದನ್ನು ನೋಡಲು ಓಣಿಯ ಮಕ್ಕಳು ಸೇರುತ್ತಿದ್ದರು. ಬಚ್ಚಲಮನೆಯ ಬಾಟಲಿಗಳನ್ನೆಲ್ಲ ಹೊರಗೆ ಹಾಕಿದೆ.

ಹೋದ ವರ್ಷ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಮೂರು ದಿನ ಮಲಗಿದ್ದಳು, ಅಷ್ಟೇ. ಯಾರಿಗೂ ಭಾರವಾಗಲಿಲ್ಲ. ಮಣ್ಣಿಗೆ ಅತ್ತೆ ಘಾಟಬೋರಾಳದಿಂದ ಬಂದಿದ್ದರು, ನನಗಿಂತ ಹೆಚ್ಚು ಅತ್ತರು. ಆಕೆಗೆ ನಾನು ಏನು ಕೊಟ್ಟೆ ಎಂದು ಲೆಕ್ಕ ಹಾಕಿದರೆ ಹಬ್ಬಕ್ಕೊಂದಿಷ್ಟು ಹೋಳಿಗೆ, ಅಷ್ಟೇ. ಆಕೆ ನನಗೆ ಕೊಟ್ಟದ್ದು ಹೆದರಿಕೆಯಿಲ್ಲದ ಮಗಳನ್ನು.

ಮೊನ್ನೆ ಶ್ರಾವಣದಲ್ಲಿ ಅತ್ತೆ ಹೇಳದೆ ಕೇಳದೆ ಬಸ್ಸಿಳಿದು ಬಂದರು. ಜೊತೆಗೆ ಅವರ ಓಣಿಯ ಹೆಣ್ಣುಮಗಳು, ಅವಳ ಸೊಂಟದ ಮೇಲೆ ನಾಲ್ಕು ವರ್ಷದ ಕೂಸು. ಕೂಸಿನ ತಲೆಗೆ ಸೆರಗು ಮುಚ್ಚಿತ್ತು. ಸರಿಸಿ ನೋಡಿದೆ: ಅರಿಶಿನ, ಕುಂಕುಮ, ಅದರಡಿ ಗಟ್ಟಿ ಗಂಟು. ತಾಯಿಯ ಕಣ್ಣಲ್ಲಿ ನೀರು ತುಂಬಿತ್ತು. ಆಯಿ ಇಲ್ಲವಲ್ಲ, ಈಗ ಹೇಗೆ ಎಂಬ ಮಾತು ನನ್ನ ಬಾಯಿಗೆ ಬಂತು.

"ಆಕಿ ಇಲ್ಲಂತ ನನಗ ಗೊತ್ತಿಲ್ಲೇನು?" ಎಂದರು ಅತ್ತೆ. "ನೀ ಇದ್ದಿ ಅಂತ ಬಂದೀನಿ."

ಅಗಸಿ ಕುದಿಯಲು ಇಟ್ಟೆ. ಗಂಟು ನೆನೆದ ಮೇಲೆ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡೆ. ಅತ್ತೆ ಕೈ ತೊಳೆದು ಬಂದು ನನ್ನ ಎದುರಿಗೆ ಚಾಪೆಯ ಮೇಲೆ ಕೂತರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ನೀ ಮ್ಯಾಲ ಗಟ್ಟಿ ಹಿಡಿ" ಎಂದರು. "ತುದಿ ನಾ ಬಿಡಸ್ತೀನಿ."