ಗಾಜಣ್ಣ ಅಳೆದ ಅಂಚು

ಹದಿನಾಲ್ಕು ವರ್ಷದಿಂದ ಆ ಪ್ರಯೋಗಾಲಯದ ಗಾಜಿನ ಸಾಮಾನೆಲ್ಲ ಒಬ್ಬನೇ ತೊಳೆದು ಒರೆಸಿಡುತ್ತಿದ್ದುದರಿಂದ ಎಲ್ಲರೂ ಅವನನ್ನು ಗಾಜಣ್ಣ ಎನ್ನುತ್ತಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ವರ್ಷ ಆಗುವುದಿತ್ತು. ಕಣ್ಣಿನ ಪರೀಕ್ಷೆಯೊಂದೇ ಬಾಕಿ. ಹತ್ತಿರದ್ದು ಕಾಣುವುದಿಲ್ಲವೆಂದು ಅವನು ಯಾರಿಗೂ ಹೇಳಿರಲಿಲ್ಲ. ಅವನು ಕಾಫಿಗೆ ಉಪ್ಪು ಹಾಕಿ ಕಲಕಿ ಕೊಟ್ಟ ದಿನ ಹೆಂಡತಿ ತಾನಾಗಿ ತಿಳಿದುಕೊಂಡಿದ್ದಳು.

ಅಲ್ಲಿ ಮಸೂರಕ್ಕೆ ಬೇಕಾದ ಪಾರದರ್ಶಕ ಪ್ಲಾಸ್ಟಿಕ್ ತಯಾರಿಸುತ್ತಿದ್ದರು. ಗಾಜಿನ ಪಾತ್ರೆಗೆ ದ್ರವ ತುಂಬಿ ಮೇಲಿನಿಂದ ನೀಲಿ ಬೆಳಕು ಬಿಟ್ಟರೆ ಮೇಲ್ಪದರ ಗಟ್ಟಿಯಾಗುತ್ತದೆ. ಆ ಗಟ್ಟಿ ಅಂಚು ಮೆಲ್ಲಗೆ ಕೆಳಗಿಳಿಯುತ್ತದೆ. ದ್ರವವನ್ನು ಗಟ್ಟಿಮಾಡದ ಕೆಂಪು ದೀಪದ ಕೋಣೆಯಲ್ಲಿ ಕೂತು ಹತ್ತು ನಿಮಿಷಕ್ಕೊಮ್ಮೆ ಅಂಚು ಎಲ್ಲಿಗೆ ಬಂತೆಂದು ಬರೆಯುವುದು ಗಾಜಣ್ಣನ ಕೆಲಸ. ಎಲ್ಲಿಗೆ ಬರಬೇಕೆಂದು ಸಮೀಕರಣ ಹಾಕಿ ಹೇಳುವುದು ಲೆಕ್ಕದ ಮೇಡಂ ಕೆಲಸ.

ಎರಡೂ ತಾಳೆಯಾಗಲಿಲ್ಲ. ಗಾಜಣ್ಣನ ಅಂಚು ಯಾವಾಗಲೂ ಲೆಕ್ಕಕ್ಕಿಂತ ಮುಂದೆ. ಅವನು ರಜೆ ಹಾಕಿದ ಎರಡು ದಿನ ಜವಾನ ಕುರ್ಚಿಯಿಂದ ಏಳದೆ, ಕೆಂಪು ದೀಪದಲ್ಲೇ ನೋಡಿ ಅಳೆದ. ಅವನ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಅಳತೆ ಅಂದ್ರೆ ಕೈಗುಣ ಗಾಜಣ್ಣ," ಎಂದ ಜವಾನ.

"ನಿನ್ ಕೈಗೆ ಗುಣ ಇದ್ದಿದ್ರೆ ಮೊದ್ಲು ಪೊರಕೆ ಹಿಡೀತಿತ್ತು."

ಮೇಡಂ ನಡುವೆ ಬಾಯಿ ಹಾಕಿದರು. "ನಿಮ್ಮ ಎಂಟು ತಿಂಗಳ ಅಳತೆ ಕೈಬಿಡೋಣ ಅಂತಿದೀನಿ. ಇನ್ಮೇಲೆ ಇವ್ರೇ ಅಳತೆ ಮಾಡ್ಲಿ."

ಗಾಜಣ್ಣನಿಗೆ ಆಗ ಹೊಳೆಯಿತು. ಕೆಂಪು ದೀಪದಲ್ಲಿ ಪಾತ್ರೆಯ ಮೇಲಿನ ಅಂಕಿ ಕಾಣದೆ ಅವನು ಮೊಬೈಲ್ ಟಾರ್ಚು ಹಾಕಿ ನೋಡುತ್ತಿದ್ದ. ಆ ಬೆಳಕಿನಲ್ಲೂ ನೀಲಿಯಿದೆ. ಅವನು ಎಷ್ಟು ನಿಷ್ಠೆಯಿಂದ ನೋಡಿದನೋ ಅಂಚು ಅಷ್ಟು ಓಡಿತ್ತು. ಹೇಳದಿದ್ದರೆ ಎಂಟು ತಿಂಗಳು ನೀರುಪಾಲು; ಹೇಳಿದರೆ ಕಣ್ಣಿನ ಗುಟ್ಟು ರಟ್ಟಾಗಿ ಕೆಲಸಕ್ಕೇ ಕುತ್ತು.

"ಟಾರ್ಚ್ ಹಾಕ್ತಿದ್ದೆ ಮೇಡಂ. ಹತ್ರದ್ದು ಕಾಣಲ್ಲ ನಂಗೆ."

"ಎಷ್ಟು ಹೊತ್ತು ಹಾಕ್ತಿದ್ರಿ?"

"ಮೂರು ಸೆಕೆಂಡು. ಅನುಮಾನ ಬಂದ್ರೆ ಇನ್ನೊಂದ್ ಮೂರು."

"ಅನುಮಾನ ಯಾವಾಗ್ ಬರ್ತಿತ್ತು?"

"ಪ್ರತೀ ಸಲ."

ಮೇಡಂ ಬೈಯಲಿಲ್ಲ. ಹತ್ತು ನಿಮಿಷಕ್ಕೆ ಆರು ಸೆಕೆಂಡಿನ ಇನ್ನೊಂದು ಬೆಳಕನ್ನು ಸಮೀಕರಣಕ್ಕೆ ಸೇರಿಸಿದರು. ನಕ್ಷೆಯಲ್ಲಿ ಲೆಕ್ಕದ ಗೆರೆ ಬಂದು ಗಾಜಣ್ಣನ ಅಳತೆಯ ಚುಕ್ಕಿಗಳ ಮೇಲೆ ಕೂತಿತು. ಜವಾನ ಪೊರಕೆ ಹುಡುಕಿಕೊಂಡು ಹೋದ.

"ಹಂಗಾದ್ರೆ ಕಾಯಂ ಆಗೋದು..." ಗಾಜಣ್ಣ ರಾಗ ಎಳೆದ.

ಮೇಡಂ ಗೋಡೆಗೆ ಅಂಟಿಸಿದ್ದ ಕಣ್ಣಿನ ಪರೀಕ್ಷೆಯ ಸುತ್ತೋಲೆಯತ್ತ ಬೆರಳು ತೋರಿಸಿದರು. "ಕನ್ನಡಕ ಹಾಕ್ಕೊಂಡು ಕಂಡ್ರೂ ಸಾಕು ಅಂತ ಬರ್ದಿದೆಯಲ್ರೀ. ಓದ್ಲಿಲ್ವಾ?"

"ಎಲ್ಲಿದೆ?"

ತೀರ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಗಾಜಣ್ಣ ಅದನ್ನು ಅಡಿಗೆರೆ ಎಂದುಕೊಂಡಿದ್ದ.