ತೊಗರಿ ಹೊಲದಲ್ಲೂ ಇಳಿಯುವ ವಿಮಾನ

ಜೇವರ್ಗಿಯ ನಮ್ಮ ಓಣಿಯಲ್ಲಿ ಯಾರೇ ಟ್ರ್ಯಾಕ್ಟರ್ ಕೊಳ್ಳಲು ಹೊರಟರೂ ಪಕ್ಕದ ಮನೆಯ ಟ್ರ್ಯಾಕ್ಟರ್ ರಿಪೇರಿ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು: “ನಡು ದಾರ್ಯಾಗ ಎಂಜಿನ್ ಬಂದ್ ಬಿದ್ರ ಏನ್ರಿ?”

ಮಗಳು ವಿಮಾನ ಹಾರಿಸಲು ಕಲಿಯುತ್ತೇನೆಂದಾಗ ಹೆದರಿದ ನಾನು ಕಲಬುರಗಿಯ ಹಾರಾಟದ ಶಾಲೆಗೂ ಅವರನ್ನೇ ಕರೆದೊಯ್ದೆ. ಕಲಿಯುವವರಿಗೆಂದು ಅಲ್ಲಿ ಎರಡು ಪುಟ್ಟ ವಿಮಾನಗಳಿದ್ದವು. ಮಗಳ ಕಣ್ಣು ಹೊಳೆಯುವ ಹೊಸದರ ಮೇಲೆ. ಮಿಸ್ತ್ರಿ ಎರಡರ ಮೂತಿಗೂ ಅಂಗೈಯಿಟ್ಟು ತಮ್ಮ ಪ್ರಶ್ನೆ ಕೇಳಿದರು.

“ಎರಡೂ ತೇಲ್ಕೋತ ಇಳೀತಾವ್ರಿ,” ಎಂದರು ಕಲಿಸುವವರು. “ಹಳೇದು ಇನ್ನೂ ನಿಧಾನ. ಸಣ್ಣ ಹೊಲ ಇದ್ರೂ ಸಾಕು.”

“ತೊಗರಿ ಹೊಲ?”

“ಕೊಯ್ದು ರಾಶಿ ಆದ ಮ್ಯಾಲಾದ್ರ ಚಲೋ.”

ಮಿಸ್ತ್ರಿ ನನ್ನತ್ತ ತಿರುಗಿದರು. “ಅಕ್ಕಾರ, ಹಳೇದೇ ಇರ್ಲಿ. ನಮ್ ಕಡಿ ಹೊಲಕ್ಕೇನ್ ಕಮ್ಮಿ?”

ಮಗಳು ಮುಖ ಊದಿಸಿದಳು. “ಕಾಕಾ, ನಾ ಹಾರಾಕ ಬಂದೇನಿ, ರಾಶಿ ಮಾಡಾಕಲ್ಲ.” ಆದರೂ ಹಳೆಯದರಲ್ಲೇ ಕಲಿತಳು.

ಅವಳು ಮೊದಲ ಸಲ ಒಬ್ಬಳೇ ಹಾರಿದ ದಿನ ಮಿಸ್ತ್ರಿ ಬೇಲಿಯ ಬಳಿ ಕಣ್ಣು ಮುಚ್ಚಿ ನಿಂತಿದ್ದರು. ಅವರು ಸದ್ದು ಕೇಳುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ವಿಮಾನ ಇಳಿದು, ಓಡುತ್ತ ಬಂದು ನಿಂತಿತು; ಎಂಜಿನ್ ಸದ್ದು ಅಡಗಿತು. ಅವರು ಕಣ್ಣು ತೆರೆದು, “ಈಗ ಬಂದ್ ಬಿತ್ತು ನೋಡ್ರಿ,” ಎಂದರು.

ಬೆಳಗಿನಿಂದ ಹಿಡಿದೇ ನಿಂತಿದ್ದ ಚಹಾದ ಫ್ಲಾಸ್ಕಿನ ಮುಚ್ಚಳವನ್ನು ನಾನು ಆಗ ಬಿಚ್ಚಿದೆ.