ಎರಡು ಬೆರಳು ಎತ್ತರ

ತಿಥಿಯೂಟ ಮುಗಿದ ಮರುದಿನ. ತಣಿಸಂದ್ರದ ಹಳೇ ಊರಿನ ಗಲ್ಲಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಮ್ಯ ಇಡ್ಲಿ ಹಿಟ್ಟಿನ ಡ್ರಮ್ಮನ್ನು ಸೊಂಟಕ್ಕೆ ಒತ್ತಿಕೊಂಡು ಗಲ್ಲಿಯ ಬಾಯಲ್ಲಿರುವ ಸಿಮೆಂಟಿನ ಉಬ್ಬನ್ನು ದಾಟುತ್ತಿದ್ದಾರೆ. ಆಚೆ ಇಳಿಸಿ, ಈಚೆ ಬಂದು, ಮತ್ತೊಂದನ್ನು ಎತ್ತುತ್ತಾರೆ. ಎಲ್ಲವೂ ಆಚೆ ಸೇರಿದ ಮೇಲೆ ಖಾಲಿ ಪಿಕಪ್ಪನ್ನು ಮೆಲ್ಲಗೆ ಉಬ್ಬು ಹತ್ತಿಸಿ ಇಳಿಸುತ್ತಾರೆ. ಆಮೇಲೆ ಡ್ರಮ್ಮುಗಳನ್ನು ಪುನಃ ಗಾಡಿಗೆ ಏರಿಸಬೇಕು.

ಗಂಡ ಅಶ್ವತ್ಥ್ ದಿನವೂ ಮಾಡುತ್ತಿದ್ದ ಕೆಲಸ ಇದು. ಕೈಯಲ್ಲಿ ಡ್ರಮ್ ಇರುವಾಗಲೇ ಅವರು ಕುಸಿದು ಬಿದ್ದದ್ದೂ ಇದೇ ಉಬ್ಬಿನ ಪಕ್ಕ. ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತ್ತು.

“ಎಲ್ರೂ ಹಣೆಬರಹ ಅಂತಾರೆ,” ಎನ್ನುತ್ತಾರೆ ರಮ್ಯ, ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತ. “ಸಿಮೆಂಟು ಅಂತ ಯಾರೂ ಹೇಳಲ್ಲ.”

ಆ ಸಿಮೆಂಟು ಅಶ್ವತ್ಥ್ ಅವರ ಅಣ್ಣ ಚನ್ನಕೇಶವ ಹಾಕಿಸಿದ್ದು. ಗಲ್ಲಿಯ ಬಾಯಲ್ಲಿ, ಹುಡುಗರು ಬಾಡಿಗೆಗಿರುವ ಅವರ ಪಿ.ಜಿ. ಕಟ್ಟಡವಿದೆ. ಮಳೆನೀರು ಅದರ ನೆಲಮಾಳಿಗೆಗೆ ನುಗ್ಗದಿರಲೆಂದು ರಸ್ತೆಗೆ ಅಡ್ಡಲಾಗಿ ಏರಿಸಿದ್ದಾರೆ. ನೀರು ಈಗ ತಮ್ಮನ ಮನೆ ಮುಂದೆ ನಿಲ್ಲುತ್ತದೆ. ಹಳೇ ಪಿಕಪ್ಪಿನ ಹಿಂಬದಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು ಸವೆದು ಕೂತುಬಿಟ್ಟಿರುವುದರಿಂದ, ತುಂಬಿದ ಗಾಡಿಯ ಸೈಲೆನ್ಸರ್ ಉಬ್ಬಿಗೆ ಕೆರೆದು ಸಿಕ್ಕಿಕೊಳ್ಳುತ್ತದೆ.

“ಉಬ್ಬು ಇಳಿಸಿ ಅಂತ ಕೇಳೋಕೆ ಹೋದ ನಮ್ಮನೆಯವರು ಕಬ್ಬಿಣ ಹಿಡ್ಕೊಂಡು ಬಂದ್ರು,” ರಮ್ಯ ನೆನೆಯುತ್ತಾರೆ. “ಗಾಡಿ ಎತ್ತರ ಮಾಡ್ಕೊ ಅಂದ್ರಂತೆ ಭಾವ.” ಅಚ್ಚಿಗೂ ಪಟ್ಟಿಗೂ ನಡುವೆ ಕೂರಿಸುವ ಎರಡು ದಪ್ಪ ಕಬ್ಬಿಣದ ಬ್ಲಾಕುಗಳು, ಅಣ್ಣನ ಟಿಪ್ಪರಿನವು. ಬೇಕಾದಾಗ ವಾಪಸ್ ಕೊಡಬೇಕೆಂಬ ಮಾತಿನ ಮೇಲೆ ಕೊಟ್ಟದ್ದು. ಅಶ್ವತ್ಥ್ ಹಾಕಿಸಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ತಿಥಿಯ ದಿನ ಎಲೆ ಮುಂದೆ ಕೂತು ಚನ್ನಕೇಶವ ಕೇಳಿದ್ದರು: “ಆ ಕಬ್ಬಿಣ ಗಾಡೀಲೇ ಐತಾ? ಆಕ್ಸ್ಕೊ, ಇಲ್ಲಾ ಗಾಡಿ ಮಾರ್ಬುಡು. ಎಂಗಸು, ಎಷ್ಟು ದಿನ ಇಂಗೆ ಒರ್ತೀಯ?”

ನಾಗವಾರದಿಂದ ಆರ್.ಟಿ. ನಗರದವರೆಗೆ ಹಲವು ಹೋಟೆಲುಗಳ ಇಡ್ಲಿ ರಮ್ಯ ರುಬ್ಬಿದ ಹಿಟ್ಟಿನಿಂದ ಏಳುತ್ತದೆ. ತಿನ್ನುವವರಿಗೆ ಅವರ ಹೆಸರು ಗೊತ್ತಿಲ್ಲ. ಮತ್ತಿಕೆರೆಯಲ್ಲಿ ಓದುವಾಗ ಇಂಥ ಹೋಟೆಲುಗಳಲ್ಲೇ ತಿಂಡಿ ತಿಂದ ರಮ್ಯ ಅವರಿಗೂ ಹಿಟ್ಟು ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ. ರುಬ್ಬುವುದನ್ನೂ ಗಾಡಿ ಓಡಿಸುವುದನ್ನೂ ಕಲಿತದ್ದು ಮದುವೆಯ ಮೇಲೆ. ಸೂತಕದ ಮನೆಯ ಹಿಟ್ಟು ಬೇಡವೆಂದು ಹೋಟೆಲಿನವರು ಬೇರೆ ಕಡೆ ಕೊಂಡರು. ಕೆಲವರು ಮರಳಲೇ ಇಲ್ಲ. ಮರಳಿದವರದು ಒಂದೇ ಮಾತು: ಬಾಗಿಲು ತೆರೆಯುವ ಮೊದಲು ಹಿಟ್ಟು ಬರಬೇಕು. ಇವತ್ತು ಒಬ್ಬರೇ ಹೊತ್ತು ದಾಟಿಸುವಷ್ಟರಲ್ಲಿ ಹೊತ್ತು ಮೀರಿತು. ಹೆಬ್ಬಾಳದ ಹೋಟೆಲಿನವರು ಡ್ರಮ್ಮಿನ ಮುಚ್ಚಳ ಕೂಡ ತೆರೆಯದೆ ವಾಪಸ್ ಕಳಿಸಿದರು.

ಅಲ್ಲಿಂದ ರಮ್ಯ ನೇರವಾಗಿ ಹೋದದ್ದು ಯಶವಂತಪುರಕ್ಕೆ. ಲಾರಿ ನಿಲ್ಲುವ ಜಾಗದ ಹಿಂದೆ ಸರ್ದಾರ್ ಅವರ ಪಟ್ಟಿ ಕೆಲಸದ ಶೆಡ್ಡು. ಸರ್ದಾರ್ ಉಬ್ಬಿನ ಕಥೆ ಕೇಳಿ, ಗಾಡಿಯಲ್ಲೇ ಇದ್ದ ಬ್ಲಾಕನ್ನು ಕೈಯಲ್ಲಿ ತೂಗಿ ನೋಡುತ್ತಾರೆ.

“ಇದು ಟಿಪ್ಪರ್‌ಗೆ ಸರಿ ಅಮ್ಮ. ನಿನ್ ಗಾಡಿಗ್ ಹಾಕಿದ್ರೆ ಎತ್ತರ ಸಿಗ್ತದೆ, ತಿರುವಲ್ಲಿ ಓಲಾಡ್ತದೆ. ಹಿಟ್ಟೆಲ್ಲ ರೋಡಿಗೆ.”

“ಪಟ್ಟಿ ಒಂದು ಜಾಸ್ತಿ ಹಾಕಿದ್ರೆ, ಸರ್ದಾರ್ ಭಾಯ್?”

“ಎತ್ತರಾನೂ ಬರ್ತದೆ, ಗಟ್ಟೀನೂ ಆಗ್ತದೆ. ಗುಂಡಿ ಗುಂಡಿಗೂ ಎತ್ತಿ ಒಗೀತದೆ.”

ಅದಂತೂ ಆಗದು. ಉಬ್ಬಿ ಬಂದ ಹಿಟ್ಟು ಕುಲುಕಾಡಿದರೆ ಇಳಿದುಬಿಡುತ್ತದೆ. “ಇಡ್ಲಿ ಕಲ್ಲಾಗುತ್ತೆ. ಬೈಸ್ಕೊಳ್ಳೋಳು ನಾನು,” ಎನ್ನುತ್ತಾರೆ ರಮ್ಯ.

ಉಳಿದದ್ದು ಒಂದು ದಾರಿ. ಹಳೇ ಪಟ್ಟಿಗಳನ್ನೇ ಬಿಚ್ಚಿ, ಒಂದೊಂದನ್ನೂ ಸುತ್ತಿಗೆಯಲ್ಲಿ ಬಡಿದು, ಕಳೆದುಹೋದ ಬಾಗನ್ನು ಮರಳಿ ತರುವುದು. ಎಷ್ಟು ಏಳುತ್ತದೆ ಎಂದು ಕೇಳಿದರೆ ಸರ್ದಾರ್ ಎರಡು ಬೆರಳು ಜೋಡಿಸಿ ಅಡ್ಡ ಹಿಡಿಯುತ್ತಾರೆ.

“ಹಳೇ ಕಬ್ಬಿಣ. ಒಂದ್ ವರ್ಷಕ್ಕೆ ಮತ್ತೆ ಕೂರ್ತದೆ, ಈಗ್ಲೇ ಹೇಳಿದೀನಿ. ಅದಕ್ಕಿಂತ ನಿನ್ ಭಾವನ ಸಿಮೆಂಟ್ ಒಡೆಯೋದು ಸುಲಭ. ಸುತ್ತಿಗೆ ಐತೆ, ಬರ್ಲಾ?”

ಗಂಡ ಹೋದ ಮೇಲೆ ರಮ್ಯ ಮೊದಲ ಸಲ ನಕ್ಕದ್ದು ಆಗಲೇ ಇರಬೇಕು. ನಗು ಅರ್ಧಕ್ಕೆ ನಿಂತಿತು. “ಇದನ್ನೇ ಬಡೀರಿ,” ಎಂದರು. “ಕೂತ್ರೆ ಮತ್ತೆ ಬರ್ತೀನಿ. ತುಂಬಿದ ಗಾಡಿ ಆ ಉಬ್ಬಿನ ಹತ್ರ ನಿಲ್ದಿದ್ರೆ ಸಾಕು. ನಾನು ಅಲ್ಲಿ ಇಳೀಬಾರದು.”

ಸಂಜೆಯವರೆಗೂ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು. ರಮ್ಯ ಟೈರಿನ ಮೇಲೆ ಕೂತು ನೋಡುತ್ತಾರೆ. ಚಹಾ ಬರುತ್ತದೆ, ಆರುತ್ತದೆ.

ಮರುದಿನ ಬೆಳಗಿನ ಜಾವ ಡ್ರಮ್ಮುಗಳನ್ನೆಲ್ಲ ಮನೆ ಬಾಗಿಲಲ್ಲೇ ಏರಿಸಿ, ಹಗ್ಗ ಬಿಗಿದು ಹೊರಡುತ್ತಾರೆ. ಗಾಡಿಯ ಮುಂಗಾಲಿ ಉಬ್ಬು ಹತ್ತಿ ಇಳಿಯುತ್ತದೆ, ಹಿಂಗಾಲಿ ಹತ್ತುತ್ತದೆ. ಕೆರೆಯುವ ಸದ್ದಿಗಾಗಿ ಅವರು ಹಲ್ಲು ಕಚ್ಚಿ ಕಾಯುತ್ತಾರೆ. ಸದ್ದು ಬರುವುದಿಲ್ಲ. ಗಾಡಿ ನಿಲ್ಲದೆ ಮುಖ್ಯ ರಸ್ತೆ ಸೇರುತ್ತದೆ. ಅವರು ತಲುಪಿದಾಗ ಹೆಬ್ಬಾಳದ ಹೋಟೆಲಿನ ಬಾಗಿಲು ಇನ್ನೂ ತೆರೆದಿರುವುದಿಲ್ಲ.

ಖಾಲಿ ಡ್ರಮ್ಮುಗಳೊಂದಿಗೆ ಮರಳುವಾಗ ಬಿಸಿಲು ಬಂದಿದೆ. ಪಿ.ಜಿ. ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಹಿಂದಿನಿಂದ ಎರಡೂ ಬ್ಲಾಕುಗಳನ್ನು ತೆಗೆದು ಮೆಟ್ಟಿಲ ಮೇಲಿಡುತ್ತಾರೆ. ಸದ್ದು ಕೇಳಿ ಚನ್ನಕೇಶವ ಹೊರಬರುತ್ತಾರೆ, ಹೆಗಲಲ್ಲಿ ಟವೆಲು.

“ಆಕ್ಸ್ಕೊಳ್ಳಿಲ್ವಾ?”

“ಇಲ್ಲ ಭಾವ. ಅವರು ಇಸ್ಕೊಂಡಿದ್ರಲ್ಲ, ತಂದಿದೀನಿ.”

“ಇದಕ್ಕೇನ್ ಅರ್ಜೆಂಟ್ ಇತ್ತಮ್ಮ.” ಅವರ ಕಣ್ಣು ಗಾಡಿಯ ಮೇಲೆ. ತಮ್ಮನಿಗೂ ದಿನಾ ಹೇಳುತ್ತಿದ್ದ ಮಾತು ತಾನಾಗಿಯೇ ಬರುತ್ತದೆ: “ಗೇಟ್ ಮುಂದೆ ನಿಲ್ಲಿಸ್ಬ್ಯಾಡ, ಉಡುಗ್ರು ಓಡಾಡ್ತಾರೆ.”

ರಮ್ಯ ಆಗಲೇ ಸ್ಟೀರಿಂಗ್ ಹಿಡಿದಾಗಿದೆ.

“ಇದೇ ಕೊನೆ ಭಾವ. ಇನ್ನು ನಮ್ಮ ಗಾಡಿ ಇಲ್ಲಿ ನಿಲ್ಲಲ್ಲ.”